ಕೈ ಇಳಿಸಲು ಮರೆತ ಬೆಳಗು

ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು. ಕಣ್ಣಾರೆ ಕಂಡೆ ಎನ್ನುವವನನ್ನೇ ಮೊದಲು ಅನುಮಾನಿಸಬೇಕು ಎಂದು ಅಲ್ಲಿ ಕಲಿತೆ. ಈ ಘಟನೆಗೆ ನಾನೇ ಸಾಕ್ಷಿ. ಆದ್ದರಿಂದ ಪೂರ್ತಿ ನಂಬಬೇಡಿ.

ಬೇರೆ ಕೆಲಸ ಸಿಗದೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸುರಕ್ಷತಾ ತರಬೇತಿಯ ಸಹಾಯಕನಾಗಿ ಸೇರಿದ್ದೆ. ದೊಡ್ಡ ಪ್ರೆಸ್ ಯಂತ್ರಗಳಲ್ಲಿ ವಾಹನಗಳ ಬಿಡಿಭಾಗ ಒತ್ತುವ ಜಾಗ ಅದು. ಕೈ ಸಿಕ್ಕಿಕೊಳ್ಳದಂತೆ ಪ್ರತಿ ಯಂತ್ರಕ್ಕೂ ಗಾರ್ಡ್ ಎಂಬ ಕಬ್ಬಿಣದ ತಡೆ ಇರುತ್ತದೆ. ಬೆಳಗಿನ ಪಾಳಿ ಶುರುವಾಗುವ ಮುಂಚೆ ಎಲ್ಲರೂ ಸಾಲಾಗಿ ನಿಲ್ಲಬೇಕು. ಒಬ್ಬರು ಮುಂದೆ ನಿಂತು ಬಲಗೈ ಚಾಚಿ ಸುರಕ್ಷತೆಯ ಪ್ರತಿಜ್ಞೆಯನ್ನು ತುಂಡು ತುಂಡಾಗಿ ಹೇಳಿಕೊಡುತ್ತಾರೆ. ಉಳಿದವರೂ ಕೈ ಚಾಚಿ ಅದನ್ನೇ ಹೇಳುತ್ತಾರೆ. ಮುಂದೆ ನಿಂತವರು ಕೈ ಇಳಿಸಿದಾಗ ಪ್ರತಿಜ್ಞೆ ಮುಗಿಯಿತು ಎಂದರ್ಥ. ಆಮೇಲೆ ಒಂದು ಸಣ್ಣ ಭಾಷಣ. ಆ ಭಾಷಣವೇ ನನ್ನ ಕೆಲಸ, ನನಗೆ ಬಾರದ ಕೆಲಸವೂ ಅದೇ. ಜನರೆದುರು ಬಾಯಿ ತೆರೆಯಲು ಭಯ, ಹಾಗಾಗಿ ಬರೆದು ಸೂಪರ್‌ವೈಸರ್ ಕೈಗೆ ಕೊಡುತ್ತಿದ್ದೆ. ನನ್ನ ವಾರಗೆಯವನಾದ ಆತ ಗೊಣಗುತ್ತ ಓದುತ್ತಿದ್ದ.

ಹೀಗೆ ಪ್ರೊಬೇಷನ್ ಮುಗಿಯದೆ ಮುಂದಕ್ಕೆ ಹೋಗುತ್ತಲೇ ಇತ್ತು. ಕೊನೆಗೆ ಮ್ಯಾನೇಜರ್ ಕರೆದು ಹೇಳಿದರು.

"ನೋಡ್ರೀ, ಸೋಮವಾರ ಬೆಳಗ್ಗೆ ಪ್ಲಾಂಟ್ ಹೆಡ್ ಬರ್ತಾರೆ. ನೀವೇ ಮಾತಾಡ್ಬೇಕು. ಮಾತಾಡಿದ್ರೆ ಕನ್ಫರ್ಮ್ ಮಾಡಿಸ್ತೀನಿ. ಇಲ್ಲಾಂದ್ರೆ ಬೇರೆ ಕಡೆ ನೋಡ್ಕೊಳ್ಳಿ."

ಭಾನುವಾರ ಮಾಕಳಿಯ ಬಾಡಿಗೆ ಮನೆಯ ತಾರಸಿಯಲ್ಲಿ ಅಭ್ಯಾಸಕ್ಕೆ ನಿಂತೆ. ಮುಖ್ಯವಾದ ಮಾತು ಹೇಳಿ ಸ್ವಲ್ಪ ಹೊತ್ತು ಸುಮ್ಮನಿರಬೇಕು, ಮಾತು ಜನರೊಳಗೆ ಇಳಿಯಲು ಬಿಡಬೇಕು ಎಂದು ಮೊಬೈಲಿನ ವಿಡಿಯೊಗಳಲ್ಲಿ ನೋಡಿದ್ದೆ. ಹೊಲವಿದ್ದ ಜಾಗದಲ್ಲಿ ಸಾಲುಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ ಮನೆಯೊಡತಿ ಒದ್ದೆ ಬಟ್ಟೆಯ ಬಕೆಟ್ ಹಿಡಿದು ಮೇಲೆ ಬಂದರು.

"ಯಾರ್ ಮ್ಯಾಗಪ್ಪಾ ರೇಗಾಡ್ತಿದ್ದೀಯ? ಎದುರ್ಗೆ ಒಬ್ರೂ ಕಾಣಕ್ಕಿಲ್ಲ."

"ಭಾಷಣ ಅಮ್ಮಾ. ಪ್ರಾಕ್ಟೀಸ್ ಮಾಡ್ತಿದೀನಿ."

"ಅಂಗಾರೆ ಮಾಡು. ಬಟ್ಟೆ ಅರವೋ ಗಂಟ ಕೇಳ್ತೀನಿ." ಎರಡು ಸೀರೆ ಹರವುವವರೆಗೆ ಕೇಳಿದರು. "ಮದ್ಯ ಮದ್ಯ ಯಾಕಪ್ಪಾ ಬಾಯ್ ಮುಚ್ಕೊಂಡ್ ನಿಂತ್ಕೋತೀಯ? ಮರ್ತೋಯ್ತಾ?"

"ಇಲ್ಲಮ್ಮಾ, ಬೇಕಂತಲೇ."

"ಊಂ. ಬೇಕಂತ್ಲೇ."

ಸೋಮವಾರ ಸೂಪರ್‌ವೈಸರ್ ನನ್ನ ಬೆನ್ನು ತಟ್ಟಿ, "ಪ್ರತಿಜ್ಞೆನೂ ನೀನೇ ಹೇಳ್ಸು ಮಗಾ, ಗಂಟಲು ಬಿಸಿ ಆಗುತ್ತೆ" ಎಂದು ಮುಂದಕ್ಕೆ ತಳ್ಳಿದ. ಪಕ್ಕದಲ್ಲಿ ಪ್ಲಾಂಟ್ ಹೆಡ್ ಕೈ ಕಟ್ಟಿ ನಿಂತಿದ್ದರು. ಪ್ರತಿಜ್ಞೆ ಬಾಯಿಪಾಠವಾಗಿದ್ದರಿಂದ ತಡವರಿಸದೆ ಮುಗಿಸಿದೆ. ಉಸಿರೆಳೆದು ಭಾಷಣ ಶುರು ಮಾಡಿದೆ.

"ಎಲ್ಲರಿಗೂ ನಮಸ್ಕಾರ." ವಿಡಿಯೊದಲ್ಲಿ ಕಲಿತ ಹಾಗೆ ನಿಲ್ಲಿಸಿದೆ.

"ಎಲ್ಲರಿಗೂ ನಮಸ್ಕಾರ" ಎಂದಿತು ಇಡೀ ಶೆಡ್ಡು.

ತಿರುಗಿ ನಮಸ್ಕರಿಸಿದರು ಎಂದುಕೊಂಡೆ.

"ನಾನು ತರಬೇತಿ ವಿಭಾಗದವನು."

"ನಾನು ತರಬೇತಿ ವಿಭಾಗದವನು."

ಆಗ ನೋಡಿದೆ. ನನ್ನ ಬಲಗೈ ಇನ್ನೂ ಚಾಚಿಕೊಂಡೇ ಇತ್ತು, ಎದುರಿಗಿದ್ದ ಎಲ್ಲರ ಕೈಯೂ ಹಾಗೇ ಇತ್ತು.

ನನ್ನ ನೆನಪಿನ ಪ್ರಕಾರ, ಆ ಕ್ಷಣದಲ್ಲಿ ಒಂದು ತೀರ್ಮಾನ ಮಾಡಿದೆ. ಬರೆದುಕೊಂಡಿದ್ದ ಭಾಷಣವನ್ನು ಕೈಬಿಟ್ಟೆ, ಕೈಯನ್ನು ಮಾತ್ರ ಇಳಿಸಲಿಲ್ಲ.

"ಅವಸರ ಇದೆ ಅಂತ ಪ್ರೆಸ್ಸಿನ ಗಾರ್ಡ್ ತೆಗೆಯಲ್ಲ." ಅವರೂ ಹೇಳಿದರು.

"ಓಡ್ತಿರೋ ಮಷೀನೊಳಗೆ ಕೈ ಹಾಕಲ್ಲ." ಅದನ್ನೂ ಹೇಳಿದರು.

"ಸೂಪರ್‌ವೈಸರ್ ಹೇಳಿದ್ರೂ ಹಾಕಲ್ಲ."

ಇದು ಮಾತ್ರ ತಗಡಿನ ಸೂರಿಗೆ ಬಡಿಯುವ ಹಾಗೆ ಬಂತು. ಹಿಂದಿನ ಸಾಲಿನಿಂದ ಯಾರೋ, "ಸಾರ್, ಅದೆಲ್ಲ ಸರಿ, ಈ ಕೈ ಯಾವಾಗ್ ಇಳಿಸೋದು? ನೋಯ್ತಾ ಐತೆ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕು ಕೈ ಇಳಿಸಿದೆ. ಆಮೇಲೆ ಒಂದಷ್ಟು ಮಾತಾಡಿದ್ದೂ ಉಂಟು, ಏನೆಂದು ಗೊತ್ತಿಲ್ಲ.

ಚಹಾದ ಹೊತ್ತಿಗೆ ನನ್ನ ತೀರ್ಮಾನದ ಬಗ್ಗೆ ಸೂಪರ್‌ವೈಸರ್‌ಗೆ ಹೇಳಿದೆ. ಅವನು ಲೋಟ ಕೆಳಗಿಟ್ಟ.

"ತೀರ್ಮಾನ ಗೀರ್ಮಾನ ಬಿಡು ಗುರು. ಮುಖ ಬಿಳಚ್ಕೊಂಡು ಕಂಬ ನಿಂತಂಗೆ ನಿಂತಿದ್ದೆ. ನನ್ನ ಬೈಯೋ ಆ ಲೈನು ನಿಂದಲ್ವೇ ಅಲ್ಲ. ಹಿಂದಿಂದ ಯಾರೋ ಕೂಗಿದ್ರು, ನೀನು ಅದನ್ನ ರಿಪೀಟ್ ಮಾಡ್ದೆ ಅಷ್ಟೇ."

"ಇಲ್ಲ ಕಣೋ, ನಾನೇ ಹೇಳಿದ್ದು."

"ಆಯ್ತಪ್ಪ, ನೀನೇ."

ಇಂದಿಗೂ ಇದು ಇತ್ಯರ್ಥವಾಗಿಲ್ಲ. ಅವನಿಗೆ ಸುಳ್ಳು ಹೇಳಿ ಆಗಬೇಕಾದ್ದೇನೂ ಇಲ್ಲ, ನನಗೆ ಇದೆ. ಅಷ್ಟನ್ನು ಓದು ಕಲಿಸಿದೆ. ಆದರೂ ಆ ಸಾಲು ನನ್ನ ಗಂಟಲಿನಿಂದ ಹೊರಟ ನೆನಪು ಅಷ್ಟು ಸ್ಪಷ್ಟವಾಗಿದೆ. ಅಷ್ಟು ಸ್ಪಷ್ಟವಾಗಿರುವುದೇ ಅನುಮಾನ ಹುಟ್ಟಿಸುತ್ತದೆ.

ಪ್ಲಾಂಟ್ ಹೆಡ್ ಅದನ್ನೊಂದು ಹೊಸ ವಿಧಾನ ಎಂದುಕೊಂಡರು. "ಎಲ್ಲರ ಬಾಯಲ್ಲೂ ಹೇಳಿಸಿದ್ರಲ್ಲ, ಚೆನ್ನಾಗಿತ್ತು ಕಣ್ರೀ. ಇನ್ಮೇಲೆ ದಿನಾ ನೀವೇ ಮಾತಾಡಿ" ಎಂದರು. ಕೆಲಸ ಕಾಯಂ ಆಯಿತು, ಜೊತೆಗೆ ಭಾಷಣವೂ.

ಅಂದಿನಿಂದ ದಿನವೂ ಮಾತಾಡುತ್ತಿದ್ದೇನೆ. ಎಲ್ಲಿ ನಿಲ್ಲಿಸಬೇಕು, ಯಾರ ಕಡೆ ನೋಡಬೇಕು ಎಲ್ಲ ರೂಢಿಯಾಗಿದೆ. ಎದುರಿಗಿದ್ದವರು ಆಕಳಿಸುತ್ತಾರೆ, ನನಗೂ ಆಕಳಿಕೆ ಬರುತ್ತದೆ. ಹೊಸದಾಗಿ ಸೇರಿದವರನ್ನು ಮಾತು ಕಲಿಯಲು ನನ್ನ ಹತ್ತಿರ ಕಳಿಸುತ್ತಾರೆ. ಭಯ ಯಾವಾಗ ಹೋಯಿತು ಸಾರ್ ಎಂದು ಕೇಳುತ್ತಾರೆ. ಅಭ್ಯಾಸ ಮಾಡಿ ಎನ್ನುತ್ತೇನೆ. ಬೆಳಗ್ಗೆ ಬಸ್ಸಿನಲ್ಲಿ ಕೂತರೆ ಇವತ್ತೇನು ಹೇಳಲಿ ಎಂಬುದೊಂದೇ ಚಿಂತೆ. ಅದರಲ್ಲೇ ಪೀಣ್ಯ ಬಂದುಬಿಡುತ್ತದೆ. ಹೆದರಲು ಪುರುಸೊತ್ತು ಸಿಗುವುದಿಲ್ಲ.