ಕಾರಿನ ಎಡಮಗ್ಗುಲು

1963ರಲ್ಲಿ ನನ್ನ ಫೋಟೋ ಸ್ಟುಡಿಯೋ ಶಿವಮೊಗ್ಗದ ದುರ್ಗಿಗುಡಿಯಲ್ಲಿತ್ತು. ವೃತ್ತಿಗೆ ಬಂದು ಆರೇಳು ವರ್ಷವಾಗಿತ್ತು. ಕೈ ಪಳಗಿತ್ತು, ತಲೆಯೂ ಸ್ವಲ್ಪ ತಿರುಗಿತ್ತು. ಮದುವೆಗೆ ಬಂದ ಹುಡುಗ ಹುಡುಗಿಯರ ಫೋಟೋ ಅಂದರೆ ಮಂಜಣ್ಣನ ಸ್ಟುಡಿಯೋ ಎಂದು ಊರಲ್ಲಿ ಹೆಸರಾಗಿತ್ತು. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಮೊಡವೆ, ಸಿಡುಬಿನ ಕಲೆ ಮರೆಸುವುದಕ್ಕೆ ನಾವು ರಿಟಚಿಂಗ್ ಎನ್ನುತ್ತಿದ್ದೆವು. ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗೆ.

ಆ ವರ್ಷ ಹಳೆಯ ವಿಲಾಯತಿ ಕಾರೊಂದನ್ನು ಕೊಂಡೆ. ಮನಸ್ಸು ಬಂದರೆ ಓಡುತ್ತಿತ್ತು, ಇಲ್ಲದಿದ್ದರೆ ತಳ್ಳಬೇಕಿತ್ತು. ನಾನು ಕೊಂಡದ್ದು ಓಡಿಸುವುದಕ್ಕಿಂತ ಹೆಚ್ಚಾಗಿ ಫೋಟೋದಲ್ಲಿ ನಿಲ್ಲಿಸುವುದಕ್ಕೆ. ಕಾಶ್ಮೀರದ ಸರೋವರ ಬರೆದ ಪರದೆ ಎಲ್ಲರಿಗೂ ಹಳತಾಗಿತ್ತು. ಹಿಂದಿನ ಅಂಗಳದ ಗೋಡೆಗೆ ಒತ್ತಿ ಕಾರು ನಿಲ್ಲಿಸಿದರೆ ಅದಕ್ಕಿಂತ ಒಳ್ಳೆಯ ಪರದೆ ಇನ್ನೊಂದಿಲ್ಲ ಎನಿಸಿತು.

ಭದ್ರಾವತಿ ರಸ್ತೆಯಲ್ಲಿ ಖಾದರ್ ಸಾಬರ ಬಣ್ಣದ ಷೆಡ್ಡಿತ್ತು. ಕೆಳಗೆ ಮರೂನ್, ಮೇಲೆ ಕೆನೆಬಣ್ಣ, ನಡುವೆ ಹೊಳೆಯುವ ಪಟ್ಟಿ, ಟೈರಿಗೆ ಬಿಳಿ ಬಳೆ, ಬಾನೆಟ್ಟಿನ ತುದಿಗೆ ರೆಕ್ಕೆ ಬಿಚ್ಚಿದ ಹಕ್ಕಿ, ಎಲ್ಲ ಹೇಳಿದೆ.

"ಮುಂದುಗಡೆ, ಬಲಗಡೆ ಅಷ್ಟೇ ಸಾಕು ಸಾಬ್ರೇ."

"ಇದೇನ್ ಸಾರ್, ಅರ್ಧ ಗಡ್ಡ ಬೋಳಿಸ್ದಂಗೆ?" ಎಂದು ಅವರು ನಕ್ಕರು.

"ಫೋಟೋದಲ್ಲಿ ಎಡಗಡೆ ಯಾರಿಗೆ ಕಾಣ್ಬೇಕು?"

ಸ್ಟಿಯರಿಂಗ್ ಇರುವುದು ಬಲಗಡೆ. ಆ ಬಾಗಿಲಿಗೆ ಕೈಯಿಟ್ಟು ನಿಂತರೆ ಯಾರೇ ಆದರೂ ಯಜಮಾನನಂತೆ ಕಾಣುತ್ತಾರೆ. ಎಡಮಗ್ಗುಲು ಹಾಗೇ ಉಳಿಯಿತು: ಬಿಸಿಲಿಗೆ ಬೂದುಗಟ್ಟಿದ ಕಪ್ಪು, ಅಲ್ಲಲ್ಲಿ ತುಕ್ಕು, ಬಾಗಿಲ ಮೇಲೆ ಕೆಂಪು ತೇಪೆ. ಮೊದಲು ಕಾರಿನದೇ ಒಂದು ಫೋಟೋ ತೆಗೆದು, ದೊಡ್ಡದು ಮಾಡಿ ಷೋಕೇಸಿನಲ್ಲಿಟ್ಟೆ. ಅದನ್ನು ನೋಡಿ ಗಿರಾಕಿಗಳು ಬಂದರು.

ಹಾಗೆ ಬಂದವನಲ್ಲ ರುದ್ರೇಶ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ. ತಂದೆ ಇಲ್ಲ, ತಾಯಿ ಗೌರಮ್ಮ ಮಾತ್ರ. ಹೆಣ್ಣಿನ ಕಡೆಗೆ ಕಳಿಸಲು ಫೋಟೋ ಬೇಕೆಂದು ಅಷ್ಟು ದೂರ ಸೈಕಲ್ ತುಳಿದು ಬಂದಿದ್ದ. ಸೈಕಲ್ಲಿಗೆ ಎಣ್ಣೆ ಹಾಕಿ ಒರೆಸಿ, ಚಕ್ರದ ಕಡ್ಡಿಗಳಿಗೆ ಬಣ್ಣದ ಮಣಿ ಪೋಣಿಸಿದ್ದ.

"ಇದ್ರ ಜೊತೆ ಒಂದು ತೆಗೀರಿ ಸಾರ್. ನನ್ ದುಡಿಮೇಲಿ ತಗೊಂಡಿದ್ದು."

"ಸೈಕಲ್ ನೋಡಿ ಯಾರು ಹೆಣ್ಣು ಕೊಡ್ತಾರೆ ಮಾರಾಯ? ಬಾ, ಕಾರಿನ ಹತ್ರ ನಿಲ್ಲು."

"ಕಾರು ನಮ್ದಲ್ವಲ್ಲ ಸಾರ್."

"ಕಾಶ್ಮೀರದ ಪರದೆ ಮುಂದೆ ನಿಂತೋರೆಲ್ಲ ಕಾಶ್ಮೀರದೋರಾ?"

ಅವನು ಸೈಕಲ್ಲನ್ನು ಬಾಗಿಲ ಹೊರಗೆ ಒರಗಿಸಿ ಬಂದು ಸಂಕೋಚದಿಂದ ನಿಂತ. ನಾನೇ ಅವನ ಕೈ ಹಿಡಿದು ಕಾರಿನ ಬಾಗಿಲ ಮೇಲಿಟ್ಟೆ.

ಫೋಟೋ ಕಡೂರಿನ ಕಡೆಯ ಒಂದು ಮನೆಗೆ ಹೋಯಿತು. ಅವರಿಗೆ ಹುಡುಗ ಹಿಡಿಸಿದ. ಹೆಣ್ಣಿನವರು ಬಂದು ಮನೆ ನೋಡುವುದು, ಒಪ್ಪಿಗೆಯಾದರೆ ಅಲ್ಲೇ ತಾಂಬೂಲ ಬದಲಾಯಿಸಿ ಮದುವೆ ಗಟ್ಟಿ ಮಾಡಿಕೊಳ್ಳುವುದು ಎಂದಾಯಿತು. ಆ ಹೊತ್ತಿನ ಫೋಟೋ ತೆಗೆಯಲು ಗೌರಮ್ಮ ನನಗೆ ಹೇಳಿಕಳಿಸಿದರು. ಬಸ್ಸಿನಲ್ಲಿ ಹೋಗಬಹುದಿತ್ತು. ಆದರೆ ಹೊಸ ಬಣ್ಣದ ಕಾರನ್ನು ಭದ್ರಾವತಿಯ ಬೀದಿಯಲ್ಲಿ ಓಡಿಸುವ ಆಸೆ. ಅದೇ ಕಾರು ಆ ಫೋಟೋದಲ್ಲಿದೆ ಎಂಬುದು ನನ್ನ ತಲೆಗೆ ಬರಲೇ ಇಲ್ಲ.

ಕಾರ್ಖಾನೆಯವರು ರುದ್ರೇಶನಿಗೆ ಕೊಟ್ಟಿದ್ದ ಕ್ವಾರ್ಟರ್ಸಿನ ಎದುರು, ರಸ್ತೆಯ ಆಚೆ ಬದಿಗೆ ಕಾರು ನಿಲ್ಲಿಸಿದೆ. ಬಣ್ಣದ ಮಗ್ಗುಲು ಮನೆಯ ಕಡೆಗಿತ್ತು. ಜಗಲಿಯಲ್ಲಿದ್ದ ಹೆಣ್ಣಿನ ತಂದೆ, ಕಚ್ಚೆಪಂಚೆಯ ಹಿರಿಯರು, ಅರಳಿದ ಮುಖದಲ್ಲಿ ತಮ್ಮವರಿಗೆ ಹೇಳಿದರು: "ನೋಡಿ, ಫೋಟೋದಲ್ಲಿರೋ ಕಾರು." ಆಮೇಲೆ ನನ್ನತ್ತ ತಿರುಗಿ, "ಡ್ರೈವರ್, ಬಿಸಿಲಲ್ಲಿ ಯಾಕಪ್ಪ? ಈ ಕಡೆ ನೆರಳಿಗೆ ಹಾಕು" ಎಂದರು.

ರುದ್ರೇಶ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ. ನಾನು ಫೋಟೋಗ್ರಾಫರ್, ಕಾರು ನನ್ನದು ಎಂದು ಆಗಲೇ ಹೇಳಿದ್ದರೆ ನಗೆಯಲ್ಲಿ ಮುಗಿದುಹೋಗುತ್ತಿತ್ತೋ ಏನೋ. ಬಾಯಿ ಬರಲಿಲ್ಲ. ಹೇಳಿದಂತೆ ಕಾರು ತಿರುಗಿಸಿ ಮನೆಯ ಮುಂದಿನ ಹೊಂಗೆ ಮರದ ಕೆಳಗೆ ನಿಲ್ಲಿಸಿದೆ. ಈಗ ಎಡಮಗ್ಗುಲು ಜಗಲಿಯ ಕಡೆಗಿತ್ತು.

ನಾನು ಗಮನಿಸಲಿಲ್ಲ. ಅವಸರವಾಗಿ ಸ್ಟ್ಯಾಂಡ್ ಹೂಡಿ ಕ್ಯಾಮೆರಾ ಏರಿಸಿ, ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದೆ. ಆ ಕಾಲದ ಕ್ಯಾಮೆರಾಗಳ ಹಿಂಬದಿಯ ಗಾಜಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ತಲೆಕೆಳಗಾದ ಆ ಹಿರಿಯರು ಜಗಲಿಯಿಳಿದು ಕಾರಿನ ಹತ್ತಿರ ಹೋದರು, ತುಕ್ಕನ್ನು ಬೆರಳಿನಿಂದ ಮುಟ್ಟಿದರು, ಸುತ್ತು ಹಾಕಿ ಬಲಗಡೆ ನೋಡಿದರು, ಮತ್ತೆ ಈಚೆ ಬಂದರು.

"ಇದೇನಪ್ಪಾ ರುದ್ರೇಶ? ಫೋಟೋದೋರೇ ಡ್ರೈವರ್ರಾ? ಈ ಕಾರು ಯಾರ್ದು?"

"ನಮ್ದಲ್ಲ ಯಜಮಾನ್ರೇ. ನಮ್ದು ಅಂತ ನಾನು ಹೇಳೂ ಇಲ್ಲ."

"ನೀನು ಹೇಳಿಲ್ಲ. ಫೋಟೋ ಹೇಳ್ತು."

"ನಮ್ ಹುಡುಗ ಸುಳ್ಳಾಡೋನಲ್ಲ ಸ್ವಾಮಿ," ಎಂದರು ಗೌರಮ್ಮ.

"ಕಾರಿಲ್ಲ ಅಂತ ಬೇಜಾರಿಲ್ಲಮ್ಮ, ನಾವೇನು ಕಾರಿನೋರಲ್ಲ. ಆದ್ರೆ ಇನ್ನೂ ಯಾವ್ಯಾವ್ದಕ್ಕೆ ಒಂದೇ ಕಡೆ ಬಣ್ಣ ಹೊಡ್ದಿದೀರೋ, ನಂಗೆ ಹೆಂಗೆ ಗೊತ್ತಾಗ್ಬೇಕು?"

ರುದ್ರೇಶ ಒಮ್ಮೆ ಕ್ಯಾಮೆರಾ ಕಡೆ ನೋಡಿದ. ಕೈ ತೋರಿಸಲಿಲ್ಲ, ನನ್ನ ಹೆಸರೂ ಎತ್ತಲಿಲ್ಲ. ನಾನು ಆ ಬಟ್ಟೆಯೊಳಗಿಂದ ಈಚೆ ಬಂದು, ತಪ್ಪು ನನ್ನದು ಎನ್ನಬೇಕಿತ್ತು. ಬರಲಿಲ್ಲ. ಫೋಕಸ್ ಮಾಡುವವನಂತೆ ಸ್ಕ್ರೂ ತಿರುಗಿಸುತ್ತಾ ನಿಂತೆ. ತಟ್ಟೆಯಲ್ಲಿದ್ದ ವೀಳ್ಯದೆಲೆಯನ್ನು ಮುಟ್ಟದೆ ಹೆಣ್ಣಿನವರು ಬಸ್ಸಿಗೆ ಹೊರಟರು. ಗೌರಮ್ಮ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದರು.

ಕಳ್ಳನಂತೆ ಸಾಮಾನು ತುಂಬಿ ಕಾರಿನಲ್ಲಿ ಕೂತರೆ ಅದು ಹೊರಡಲಿಲ್ಲ. ಎಂಜಿನ್ನಿಗೆ ಹ್ಯಾಂಡಲ್ ಹಾಕಿ ತಿರುಗಿಸಿದರೂ ಆಗಲಿಲ್ಲ. ಆಗ ರುದ್ರೇಶನೇ ಬಂದ. ಶಾಸ್ತ್ರಕ್ಕೆಂದು ಹಾಕಿದ್ದ ರೇಷ್ಮೆ ಅಂಗಿಯ ತೋಳು ಮಡಚಿ, "ನೀವು ಕೂತ್ಕೊಳಿ ಸಾರ್, ತಳ್ತೀನಿ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಬೀದಿಯುದ್ದಕ್ಕೂ ಜನ ನೋಡುತ್ತಿದ್ದರು. ಕಾರು ಕೆಮ್ಮಿ ಹೊರಟಿತು. ನಿಲ್ಲಿಸಿದರೆ ಮತ್ತೆ ಹೊರಡುವುದಿಲ್ಲ ಎಂದು ನನಗೆ ನಾನೇ ನೆಪ ಹೇಳಿಕೊಂಡು, ಒಂದು ಮಾತೂ ಆಡದೆ ಓಡಿಸಿಕೊಂಡು ಬಂದೆ.

ಮಾಚೇನಹಳ್ಳಿಯ ಹತ್ತಿರ ಕಾರು ಮತ್ತೆ ನಿಂತಿತು. ರಸ್ತೆ ಬದಿಯಲ್ಲಿ ಒಬ್ಬನೇ ಕೂತು ಅತ್ತೆ. ಆದರೂ ಕಡೂರಿಗೆ ಹೋಗಿ ಆ ಹಿರಿಯರಿಗೆ ನಿಜ ಹೇಳುವ ಧೈರ್ಯ ಬರುವಷ್ಟರಲ್ಲಿ ಹದಿನೈದು ದಿನ ಕಳೆದಿತ್ತು. "ಅವತ್ತೇ ಹೇಳಿದ್ರೆ ಚೆನ್ನಾಗಿತ್ತು" ಎಂದರು ಅವರು. ಮಗಳಿಗೆ ಬೇರೆ ಕಡೆ ತಾಂಬೂಲವಾಗಿತ್ತು.

ಕಾರನ್ನು ಮಾರಿದೆ. ಮಾರುವ ಮುಂಚೆ ಅದರ ಇನ್ನೊಂದು ಫೋಟೋ ತೆಗೆದೆ, ಎಡಗಡೆಯಿಂದ. ಷೋಕೇಸಿನಲ್ಲಿದ್ದ ಹಳೆಯದನ್ನು ಕಿತ್ತು ಇದನ್ನಿಟ್ಟೆ. ನೋಡಿದವರು ನಕ್ಕರು, ನಗಲಿ ಎಂದೇ ಇಟ್ಟಿದ್ದೆ.

ಆಮೇಲೆ ಸ್ಟುಡಿಯೋ ಮುಚ್ಚುವವರೆಗೂ ನನಗೊಂದು ಅಭ್ಯಾಸವಾಯಿತು. ವಾಚೋ, ರೇಡಿಯೋವೋ, ಏನೇ ಹಿಡಿದು ನಿಂತರೂ ಬಟ್ಟೆಯೊಳಗೆ ತಲೆ ಹಾಕುವ ಮುಂಚೆ "ಇದು ನಿಮ್ದೇನಾ?" ಎಂದು ಕೇಳುತ್ತಿದ್ದೆ. ಕೆಲವರು ಸಿಟ್ಟಾಗಿ ಎದ್ದು ಹೋದರು. ಮುಖದ ಕಲೆ ತಿದ್ದಿದರೆ ಮುಖ ಅವರದಾಗಿಯೇ ಉಳಿಯುತ್ತದೆ, ಅದಕ್ಕಿಂತ ಮುಂದೆ ಹೋಗಬಾರದು ಎಂದು ಈ ವೃತ್ತಿ ನನಗೆ ಕಲಿಸಿದ್ದು ಹೀಗೆ.

ರುದ್ರೇಶ ಮತ್ತೆ ಬರಲಿಲ್ಲ. ಅವನ ಮದುವೆಯ ಫೋಟೋ ಬೇರೆ ಯಾರೋ ತೆಗೆದರಂತೆ. ಯಾರಾದರೂ ಸೈಕಲ್ ಹಿಡಿದು ಸ್ಟುಡಿಯೋಗೆ ಬಂದರೆ ನಾನೇ ಎದ್ದು ಹೋಗಿ ಅದನ್ನು ಒಳಗೆ ತರುತ್ತಿದ್ದೆ.