ಉಪ್ಪಿಲ್ಲದ ಉಪ್ಪುನೀರು

ಬೆಳಿಗ್ಗೆ ಆರು ಗಂಟೆ ಐವತ್ತು ನಿಮಿಷಕ್ಕೆ ಶರಣಮ್ಮ ಕೃಷ್ಣರಾಜಪುರದ ಹೊಸ ಕಟ್ಟಡದ ತಾರಸಿಯಲ್ಲಿ ಕೂತು ಹನಿ ಎಣಿಸುತ್ತಿದ್ದಳು. ಲೋಟದಲ್ಲಿ ಬೋರ್‌ವೆಲ್ ನೀರು, ಅದಕ್ಕೆ ಪರೀಕ್ಷೆಯ ಬಣ್ಣ ಹಾಕಿ ಕೆಂಪಾಗಿಸಿದ್ದಳು. ಆ ಕೆಂಪು ನೀಲಿಯಾಗಲು ಎಷ್ಟು ಹನಿ ಔಷಧ ಬೇಕೋ ನೀರು ಅಷ್ಟು ಗಡಸು. ಹದಿನೇಳು ಹನಿ ಹಿಡಿಯಿತು.

ಆಕೆ ರಾಯಚೂರು ಕಡೆಯವಳು, ರಸಾಯನಶಾಸ್ತ್ರದ ಪದವೀಧರೆ. ಹಲಸೂರಿನ ಲ್ಯಾಬೊಂದರಲ್ಲಿ ಹನ್ನೊಂದು ವರ್ಷ ನೀರು ಪರೀಕ್ಷಿಸಿ, ಈಗ ಬೈಲಪ್ಪನವರ ನಾಲ್ಕು ಮಹಡಿಯ ಕಟ್ಟಡದ ಉಸ್ತುವಾರಿಗೆ ಸೇರಿ ಮೂರು ವಾರ. ಒಮ್ಮೆ ರಾಗಿ ಬೆಳೆಯುತ್ತಿದ್ದ ಜಮೀನಿನಲ್ಲಿ ಬೈಲಪ್ಪನವರು ಎಬ್ಬಿಸಿದ ಕಟ್ಟಡ ಅದು. ಮೊದಲ ಬಾಡಿಗೆದಾರರು ಹಲ್ಲಿನ ಆಸ್ಪತ್ರೆಯವರು. ಟ್ಯಾಂಕರ್ ನೀರು ಹಾಕಿಸುವುದಿಲ್ಲ ಎಂದು ಕರಾರಿನಲ್ಲಿ ಬರೆಸಿಕೊಂಡಿದ್ದರು. ನೀರು ಸಾಲದೆ ಹೋದರೆ ಅವರೂ ಇಲ್ಲ, ಅವರನ್ನು ನೋಡಿ ಬರಲಿದ್ದ ಉಳಿದ ಮೂವರೂ ಇಲ್ಲ.

ಹತ್ತು ಗಂಟೆಗೆ ನೀರಿನ ಯಂತ್ರದ ಕಂಪನಿಯ ದೀಪು ಸಹಿ ಹಾಕಿಸಿಕೊಳ್ಳಲು ಬಂದ. ಅವನ ಕಾಗದದಲ್ಲಿದ್ದದ್ದು ಇಡೀ ಕಟ್ಟಡದ ನೀರಿನಿಂದ ಉಪ್ಪು ತೆಗೆಯುವ ದೊಡ್ಡ ಆರ್‌ಒ ಯಂತ್ರ.

"ಯಜಮಾನ್ರ, ಸಹಿ ಹಾಕಬ್ಯಾಡ್ರಿ," ಎಂದಳು ಶರಣಮ್ಮ. "ಈ ನೀರಾಗ ಉಪ್ಪೇ ಇಲ್ರಿ."

ಬೈಲಪ್ಪನವರು ಕನ್ನಡಕ ಇಳಿಸಿದರು. "ಏನಮ್ಮಾ ಹಿಂಗಂತೀಯ? ನಮ್ಮಪ್ಪನ ಕಾಲದಿಂದ ಉಪ್ಪುನೀರು ಅಂತಾನೇ ಕರೀತೀವಿ. ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ."

"ಸರ್ ಫೋನಲ್ಲಿ ಉಪ್ಪುನೀರು ಅಂದ್ರು, ಅದಕ್ಕೇ ಈ ಪ್ಲಾಂಟ್ ಬರ್ದೆ," ಎಂದ ದೀಪು.

"ಕುಡ್ದು ನೋಡೀಯೇನಪಾ?" ಎಂದಳು ಶರಣಮ್ಮ.

"ಮೇಡಂ, ನಾನ್ಯಾಕೆ ಬೋರ್ ನೀರು ಕುಡೀಲಿ!"

"ನಮ್ಮೂರ ಸವಳು ನೀರು ಕುಡ್ದಾಕಿ ನಾ. ಅದು ಉಪ್ಪು. ಇದು ಸುಣ್ಣ."

ಬೆಂಗಳೂರಿನವರು ಗಡಸು ನೀರನ್ನೆಲ್ಲ ಉಪ್ಪುನೀರು ಎನ್ನುತ್ತಾರೆ ಎಂಬುದು ಆಕೆಗೂ ಈ ಊರಿಗೆ ಬಂದ ಮೇಲೇ ತಿಳಿದದ್ದು. ಹನ್ನೊಂದು ವರ್ಷದ ಹಿಂದೆ, ಲ್ಯಾಬಿಗೆ ಸೇರಿದ ಮೊದಲ ದಿನ ಒಂದು ಗುಟುಕು ಕುಡಿದು, ಉಪ್ಪೆಲ್ಲಿದೆ ಎಂದು ಹುಡುಕಿದ್ದಳು.

ಕಾಗದ ತೆಗೆದು ಲೆಕ್ಕ ಇಟ್ಟಳು. ಬೋರ್‌ವೆಲ್ ದಿನಕ್ಕೆ ಕೊಡುವುದು ಹನ್ನೆರಡು ಸಾವಿರ ಲೀಟರ್. ಕಟ್ಟಡ ತುಂಬಿದರೆ ಇನ್ನೂರು ಜನಕ್ಕೆ ಬೇಕಾದದ್ದು ಒಂಬತ್ತು ಸಾವಿರ. ದೀಪುವಿನ ಯಂತ್ರ ಅರ್ಧ ನೀರನ್ನು ಹೊರಗೆ ಚೆಲ್ಲುತ್ತದೆ; ಉಳಿಯುವುದು ಆರು ಸಾವಿರ.

"ಮಿಕ್ಕ ಮೂರು ಸಾವಿರ?" ಬೈಲಪ್ಪನವರು ದೀಪುವಿನತ್ತ ತಿರುಗಿದರು.

"ಅದು... ಟ್ಯಾಂಕರ್ ಹಾಕ್ಸಿದ್ರೆ ಆಗುತ್ತೆ ಸರ್."

"ಚೆನ್ನಾಗಿ ಹೇಳ್ದೆ ಕಣಪ್ಪ!"

ಶಿವಾಜಿನಗರದಲ್ಲಿ, ಗಡಸು ನೀರನ್ನು ಮೆದುವಾಗಿಸುವ ಸಾಫ್ಟನರ್ ರಿಪೇರಿ ಮಾಡುವ ಖುರ್ಷೀದ್ ಹತ್ತಿರ ಹಿಂದಿನ ದಿನವೇ ಕೇಳಿ ತಂದಿದ್ದ ಒಂದು ಉದ್ದ ಕೊಳವೆಯನ್ನು ಶರಣಮ್ಮ ಮೇಜಿನ ಮೇಲೆ ನಿಲ್ಲಿಸಿದಳು. ಒಳಗೆ ಸಾಸಿವೆಯಂಥ ಕಂದು ಹರಳು. ಅದು ಸುಣ್ಣವನ್ನು ಹಿಡಿದಿಟ್ಟುಕೊಂಡು, ದೊಡ್ಡ ಯಂತ್ರದಂತೆ ಅರ್ಧ ಚೆಲ್ಲದೆ, ನೀರನ್ನು ಬಿಡುತ್ತದೆ. ಮೇಲಿನಿಂದ ಬೋರ್‌ವೆಲ್ ನೀರು ಸುರಿದು, ಕೆಳಗೆ ಇಳಿದದ್ದನ್ನು ಲೋಟಕ್ಕೆ ಹಿಡಿದು ಬಣ್ಣ ಹಾಕಿದಳು. ಔಷಧದ ಬಾಟಲಿಯನ್ನು ಬೈಲಪ್ಪನವರ ಕೈಗೇ ಕೊಟ್ಟಳು.

ಅವರು ಒಂದು ಹನಿ ಬಿಟ್ಟರು. ಕೆಂಪು ಕರಗಿ ನೀಲಿಯಾಯಿತು.

"ಅಯ್ಯೋ, ಇಷ್ಟೇನಾ?"

ದೀಪು ಬಗ್ಗಿ ನೋಡಿದ, ನಂಬದೆ ತಾನೇ ಇನ್ನೊಂದು ಲೋಟ ಹಿಡಿದ. ಅದೂ ಒಂದೇ ಹನಿಗೆ ನೀಲಿ. ಒಳ್ಳೆಯ ಹುಡುಗ, ವಾದಿಸಲಿಲ್ಲ. ಹಳೆಯ ಕಾಗದವನ್ನು ಮಡಿಚಿ ಜೇಬಿಗಿಟ್ಟು, ಅಲ್ಲೇ ಕೂತು ಹೊಸದು ಬರೆದ: ಇಡೀ ಕಟ್ಟಡಕ್ಕೆ ಸಾಫ್ಟನರ್, ಕುಡಿಯುವುದಕ್ಕೆ ಮಾತ್ರ ಪುಟ್ಟ ಆರ್‌ಒ, ಅದು ಚೆಲ್ಲುವ ನೀರು ಶೌಚಾಲಯಕ್ಕೆ. ಬೈಲಪ್ಪನವರು ಸಹಿ ಹಾಕುವ ಮೊದಲು ಪೆನ್ನನ್ನು ಶರಣಮ್ಮನ ಕಡೆ ಚಾಚಿದರು. "ಮೊದಲು ನೀನು ಓದಿ ಗೀಟು ಹಾಕಮ್ಮ. ಆಮೇಲೆ ನಾನು."

ಯುಗಾದಿಯ ಹೊತ್ತಿಗೆ ನಾಲ್ಕು ಮಹಡಿಯೂ ತುಂಬಿತ್ತು. ಮೇ ತಿಂಗಳ ಕೊನೆಗೆ ಎದುರಿನ ಕಟ್ಟಡದ ಮ್ಯಾನೇಜರ್ ಕೆಂಪರಾಜ್, ಆ ದಿನದ ಮೂರನೇ ಟ್ಯಾಂಕರಿಗೆ ಗೇಟು ತೆಗೆಸುತ್ತಾ ಬೀದಿಯ ಆಚೆಯಿಂದಲೇ ಕೂಗಿ ಕೇಳಿದ: "ಮೇಡಂ, ಈ ಬೇಸಿಗೇಲಿ ನಿಮ್ಗೆ ಎಷ್ಟು ಲೋಡು?"

ಶರಣಮ್ಮ ಇಡೀ ಬೀದಿಗೆ ಕೇಳುವಂತೆ ಹೇಳಿದಳು: "ಸೊನ್ನಿ!"