ಒಂದೇ ಸಲ ಕೇಳುವ ಯಂತ್ರ

ನಮ್ಮ ಮದ್ದೂರು ಸೀಮೆಯಲ್ಲಿ ಊಟಕ್ಕೆ ಕುಳಿತವನು ಮೊದಲ ಸಲ ‘ಬೇಡ’ ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಎರಡನೆಯ ಸಲ ಅಂದರೆ ಅರ್ಧ ಮುದ್ದೆ ಬೀಳುತ್ತದೆ. ಮೂರನೆಯ ಸಲ ಎಲೆಗೆ ಎರಡೂ ಕೈ ಅಡ್ಡ ಹಿಡಿದರೆ ಮಾತ್ರ ಬಡಿಸುವವರು ಮುಂದಕ್ಕೆ ಹೋಗುತ್ತಾರೆ. ‘ಹೂಂ’ ಎನ್ನುವುದಕ್ಕೂ ಇದೇ ಮರ್ಯಾದೆ. ಗಂಡು ಒಪ್ಪಿಗೆಯಾಗಿದೆ ಎಂದರೂ ಮತ್ತೊಮ್ಮೆ ಕೇಳುತ್ತಾರೆ, ಸೈಟು ಮಾರುತ್ತೇನೆ ಎಂದರೂ ಮತ್ತೊಮ್ಮೆ ಕೇಳುತ್ತಾರೆ. ಹೀಗೆ ಅರವತ್ತು ದಾಟುವವರೆಗೂ ಮೊದಲ ಮಾತಿನ ಹೊಣೆಯೇ ಇಲ್ಲದೆ ಬದುಕಿದವನು ಕಂಪ್ಯೂಟರಿನ ಕಪ್ಪು ಪರದೆಯ ಮುಂದೆ ಕೂರಬಾರದು.

ನಾನು ಕೂತೆ. ಭೌತಶಾಸ್ತ್ರದ ಪಾಠ ಹೇಳಿ ನಿವೃತ್ತನಾದ ಮೇಲೆ ಅಂಟಿದ ಹುಚ್ಚು ಇದು: ಮೌಸು ಮುಟ್ಟದೆ, ಒಂದು ಸಾಲಿನ ಆಜ್ಞೆ ಬರೆದು ತಂತ್ರಾಂಶವನ್ನು ಕರೆಸಿಕೊಳ್ಳುವುದು, ಇನ್ನೊಂದು ಸಾಲು ಬರೆದು ಸಾಗಹಾಕುವುದು. ಮನೆಯಲ್ಲಿ ನನ್ನ ಆಜ್ಞೆಗೆ ಒಂದು ಲೋಟ ನೀರೂ ಬರುವುದಿಲ್ಲವಾದ್ದರಿಂದ ಈ ವಿಧೇಯತೆ ನನಗೆ ಪರಮಾನಂದ. ಯಾವ ತಂತ್ರಾಂಶವೂ ಒಂಟಿಯಾಗಿ ಬರುವುದಿಲ್ಲ, ತನ್ನ ನೆಂಟರಿಷ್ಟರನ್ನೆಲ್ಲ ಕಟ್ಟಿಕೊಂಡೇ ಬರುತ್ತದೆ. ಕಳಿಸುವಾಗಲೂ ಹಾಗೆಯೇ, ‘ಇದರ ಜೊತೆ ಇಂತಿಂಥವೂ ಹೋಗುತ್ತವೆ, ಮುಂದುವರಿಯಲೇ?’ ಎಂದು ಪಟ್ಟಿ ಮುಂದಿಟ್ಟು ಯಂತ್ರ ಕೇಳುತ್ತದೆ. ಕೇಳುವುದು ಒಂದೇ ಸಲ.

ಕಳೆದ ಭಾನುವಾರ ಕಿರುಗಾವಲಿನ ಪುಟ್ಟಸ್ವಾಮಿ ಮೇಷ್ಟ್ರ ಮನೆಗೆ ಹೋಗಿದ್ದೆ. ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುವ ಅವರಿಗೆ ಹುಟ್ಟಿನಿಂದ ಕಣ್ಣಿಲ್ಲ. ಓದುವ ಕಾಲದಲ್ಲಿ ಒಂದೊಂದು ಪುಟಕ್ಕೂ ‘ಒಸಿ ಓದಿ ಯೋಳ್ತೀಯಾ’ ಎಂದು ಸಹಪಾಠಿಗಳ ಹಿಂದೆ ಅಲೆದವರು. ಪರದೆಯ ಮೇಲಿನದನ್ನೆಲ್ಲ ಗಟ್ಟಿಯಾಗಿ ಓದುವ ಕಂಪ್ಯೂಟರು ಬಂದಮೇಲೆ ಆ ಅಲೆದಾಟ ತಪ್ಪಿತ್ತು. ಅದರ ಕನ್ನಡವೋ, ಮೂಗು ಕಟ್ಟಿದವರು ಪಂಚಾಂಗ ಓದಿದಂತೆ. ಮೇಷ್ಟ್ರಿಗೆ ಮಾತ್ರ ಅದೇ ಇಂಪು. ಅದು ಈಚೆಗೆ ನಿಧಾನವಾಗಿದೆ ಎಂದರು. ನಾನು, ಕೇಳದಿದ್ದರೂ, ಶುಚಿಮಾಡಿಕೊಡುತ್ತೇನೆ ಎಂದೆ. ಪಾಸ್‌ವರ್ಡ್ ಹೇಳಿ, ಅವರು ಕಾಫಿ ಮಾಡಲು ಒಳಗೆ ಹೋದರು.

ಬೇಡದ್ದನ್ನೆಲ್ಲ ಒಂದೊಂದಾಗಿ ಕಿತ್ತೆ. ಯಂತ್ರ ನಾನು ಬರೆದುದನ್ನೆಲ್ಲ ಗೊಣಗುತ್ತಲೇ ಇತ್ತು. ಅಪರಿಚಿತ ಹೆಸರಿನದೊಂದು ಕಂಡಿತು. ಯಾರಿಗೆ ಬೇಕು ಇದು ಎಂದು ಅದಕ್ಕೂ ಆಜ್ಞೆ ಕೊಟ್ಟೆ. ಪಟ್ಟಿ ಬಂತು, ಪ್ರಶ್ನೆ ಬಂತು. ಓದಲಿಲ್ಲ, ಅದು ಗೊಣಗಿದ್ದನ್ನು ಕೇಳಿಸಿಕೊಳ್ಳಲೂ ಇಲ್ಲ; ಹೇಗೂ ಇನ್ನೊಂದು ಸಲ ಕೇಳುತ್ತದಲ್ಲ ಎಂಬ ನಮ್ಮೂರಿನ ಭರವಸೆಯಲ್ಲಿ ‘ಹೂಂ’ ಒತ್ತಿದೆ. ಗೊಣಗಾಟ ಅರ್ಧ ಪದದಲ್ಲೇ ನಿಂತುಹೋಯಿತು. ನಾನು ಕಿತ್ತದ್ದು ಆ ದನಿಯನ್ನೇ.

ಮರುದಿನ ಬೆಳಿಗ್ಗೆ ಹತ್ತನೇ ತರಗತಿಗೆ ಅವರ ಪಾಠವಿತ್ತು. ಅದರ ಟಿಪ್ಪಣಿಯೆಲ್ಲ ಆ ಯಂತ್ರದೊಳಗೆ, ಮೂಕವಾಗಿ. ಸ್ಪೀಕರ್ ಕೆಟ್ಟಿದೆ ಎಂದು ಹೇಳಿಬಿಡಬಹುದಿತ್ತು. ಪರದೆಯ ಮೇಲಿದ್ದ ನನ್ನ ಅಪರಾಧವನ್ನು ಆ ಮನೆಯಲ್ಲಿ ಓದಬಲ್ಲವನು ನಾನೊಬ್ಬನೇ. ಆ ಯೋಚನೆ ಬಂದದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಎರಡು ಲೋಟ ಹಿಡಿದು ಬಂದ ಮೇಷ್ಟ್ರು ಬಾಗಿಲಲ್ಲೇ ನಿಂತರು.

“ಅದೂ ಸುಮ್ಕದೆ, ನೀವೂ ಸುಮ್ಕಿದ್ದೀರಿ. ಏನಾಯ್ತು ಸಾ?”

ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ಲೋಟಗಳನ್ನು ಮೇಜಿನ ಮೇಲಿಟ್ಟು, ಕೀಲಿಮಣೆಯ ಮೇಲೆ ಕೈಯಾಡಿಸಿ, ವಾಪಸು ಬರುತ್ತದೆಯೇ ಎಂದಷ್ಟೇ ಕೇಳಿದರು. ನನ್ನ ಮೊಬೈಲಿನ ಇಂಟರ್ನೆಟ್ಟು ಜೋಡಿಸಿದೆವು. ಅದು ಕುಂಟುತ್ತಿದ್ದಾಗ, ಅಷ್ಟರಲ್ಲಿ ನಾಳೆಯ ಪಾಠವನ್ನು ನಾನೇ ಓದಿ ಹೇಳಲೇ ಎಂದೆ. “ಬ್ಯಾಡ ಸಾ” ಎಂದರು. ಬದುಕಿನಲ್ಲಿ ಮೊದಲ ಬಾರಿಗೆ ಒಂದು ‘ಬೇಡ’ವನ್ನು ಒಂದೇ ಸಲಕ್ಕೆ ಒಪ್ಪಿಕೊಂಡೆ.

ಆಜ್ಞೆಯನ್ನು ಅಕ್ಷರ ಅಕ್ಷರವಾಗಿ ನಾನು ಹೇಳಿದೆ, ಒತ್ತಿದವರು ಅವರು. ಬರಲಿರುವ ನೆಂಟರ ಪಟ್ಟಿಯನ್ನು ಒಂದು ಹೆಸರೂ ಬಿಡದೆ ಓದಿಸಿಕೊಂಡು, ‘ಎಲ್ಲಾ ಓದುದ್ರಾ?’ ಎಂದು ಕೇಳಿ ಖಾತ್ರಿಮಾಡಿಕೊಂಡ ಮೇಲೆಯೇ ಅವರ ಬೆರಳು ‘ಹೂಂ’ ಎಂದಿತು. ಕಾಫಿ ತಣ್ಣಗಾಯಿತು. ನಾನು ಒಂದೊಂದು ಸಾಲನ್ನೂ ಓದುತ್ತಲೇ ಇದ್ದೆ; ಎಲ್ಲ ಇಳಿದು, ಓದುವ ತಂತ್ರಾಂಶವನ್ನು ಮತ್ತೆ ಎಬ್ಬಿಸಿದಾಗಲೂ ಬಾಯಿ ನಿಲ್ಲಿಸಿರಲಿಲ್ಲ. ಆ ಮೂಗು ಕಟ್ಟಿದ ದನಿ ನನ್ನ ಮಾತಿನ ಮೇಲೆಯೇ ಎದ್ದಿತು. ಮೇಷ್ಟ್ರು ನನ್ನ ಮೊಣಕೈ ಹಿಡಿದು, ಮೆಲ್ಲಗೆ ಒತ್ತಿದರು.

“ಇನ್ನು ನೀವು ಸುಮ್ಕಿರಿ ಸಾ. ಅದು ಓದ್ಲಿ.”